ಇದು ಯಾವ ಕಲ್ಲು, ಟೀಚರ್?

ಹೋದ ತಿಂಗಳು ಈ ಅಂಕಣದ ಕೊನೆಗೆ ‘ನಿಮ್ಮೂರಿನ ಕಲ್ಲಿನ ಬಗ್ಗೆ ಕೇಳಿ’ ಅಂತ ಒಂದು ಸಾಲು ಹಾಕಿದ್ದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯಿಂದ ಪತ್ರ ಬಂದಿವೆ. ಜಾಸ್ತಿ ಜನ ಫೋಟೋ ಕಳಿಸಿ ‘ಇದೇನು ಹೇಳಿ’ ಅಂದಿದ್ದಾರೆ. ಫೋಟೋ ನೋಡಿ ಹೇಳುವುದು ಕಷ್ಟ. ಫೋಟೋದಲ್ಲಿ ಕಾಣುವುದು ಬಣ್ಣ ಮಾತ್ರ. ಕಲ್ಲಿನ ವಿಷಯದಲ್ಲಿ ಎಲ್ಲಕ್ಕಿಂತ ಮೋಸ ಮಾಡುವುದು ಆ ಬಣ್ಣವೇ. ಕಲ್ಲನ್ನು ಕೈಗೆ ತಗೋಬೇಕು. ತೂಗಬೇಕು, ಗೀರಬೇಕು, ತಿಕ್ಕಬೇಕು, ಒಡೆದ ಮೈ ನೋಡಬೇಕು.

ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಸ್ಯಾಂಪ್ಲರ್ ಆಗಿದ್ದರು. ನೆಲದೊಳಗೆ ಇಳಿದು, ಕಲ್ಲಿನ ಮುಖದಿಂದ ಉಳಿ ಸುತ್ತಿಗೆಯಲ್ಲಿ ಚೂರು ಎಬ್ಬಿಸಿ, ಚೀಲಕ್ಕೆ ತುಂಬಿ, ಚೀಟಿ ಕಟ್ಟಿ ಪರೀಕ್ಷೆಗೆ ಕಳಿಸುವ ಕೆಲಸ. ನಾನು ದಾರಿಯಲ್ಲಿ ಏನಾದರೂ ಹೆಕ್ಕಿಕೊಂಡು ಬಂದು ತೋರಿಸಿದರೆ, ಹೆಸರು ಹೇಳುತ್ತಿರಲಿಲ್ಲ. ‘ಮೊದಲು ತೊಳಿ, ಆಮೇಲೆ ಮಾತಾಡು’ ಅನ್ನುತ್ತಿದ್ದರು. ಆಮೇಲೆ ನಾನು ಕೋಲಾರದಲ್ಲಿ 31 ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೆ. ನಾನೂ ಮಕ್ಕಳಿಗೆ ಅದನ್ನೇ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ತೊಳೆಯದ ಕಲ್ಲಿನ ಮೇಲೆ ಊರಿನ ಮಣ್ಣು ಕಾಣುತ್ತೆ, ಕಲ್ಲು ಕಾಣುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಹೊಲದಲ್ಲಿ ಬೋರ್ ಕೊರೆಸಿದೆವು. 1,100 ಅಡಿ ಹೋದರೂ ನೀರು ಬರಲಿಲ್ಲ. ಆದರೆ ಮೇಲೆ ಬಂದ ಬೂದಿಯಂಥ ಪುಡಿಯಲ್ಲಿ ಚಿನ್ನದ ಬಣ್ಣದ ಚೂರುಗಳು ಮಿನುಗುತ್ತಿವೆ. ಕೋಲಾರ ಪಕ್ಕದಲ್ಲೇ ಇದೆ, ನಮ್ಮಲ್ಲೂ ಚಿನ್ನ ಇರಬಹುದಾ? ಪರೀಕ್ಷೆ ಮಾಡಿಸಿ ಕೊಡುತ್ತೇನೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.
— ಒಬ್ಬ ರೈತ, ಚಿಂತಾಮಣಿ ತಾಲ್ಲೂಕು

ಉತ್ತರ: ಅಣ್ಣ, ಮೊದಲು ದುಡ್ಡಿನ ಮಾತು. ಕೊಡಬೇಡಿ. ಬೋರ್‌ಗೆ ಆಗಲೇ ಸಾಲ ಆಗಿರುತ್ತೆ, ಅದರ ಮೇಲೆ ಇದೊಂದು ಬೇಡ. ಈ ಪರೀಕ್ಷೆಯನ್ನು ನಿಮ್ಮ ಮನೆಯವರು ಹಿತ್ತಲಲ್ಲೇ ಮಾಡಬಲ್ಲರು.

ಮನೆಯಲ್ಲಿ ಅಕ್ಕಿ ಗಾಳಿಸುವುದನ್ನು ನೋಡಿದ್ದೀರಲ್ಲ? ಪಾತ್ರೆಗೆ ನೀರು ಹಾಕಿ, ಮೆಲ್ಲಗೆ ತಿರುಗಿಸುತ್ತಾ, ನೀರಿನ ಜೊತೆ ಅಕ್ಕಿಯನ್ನು ಇನ್ನೊಂದು ಪಾತ್ರೆಗೆ ಹರಿಸುತ್ತಾರೆ. ಕಲ್ಲು ತಳದಲ್ಲೇ ಉಳಿಯುತ್ತೆ. ಬೋರ್ ಪುಡಿಯನ್ನೂ ಹಾಗೇ ಗಾಳಿಸಿ. ಚಿನ್ನ ನೀರಿಗಿಂತ 19 ಪಟ್ಟು ಭಾರ, ನೀರು ಅದನ್ನು ಎತ್ತಿಕೊಂಡು ಹೋಗಲಾರದು. ಚಿನ್ನ ತಳದ ಮೂಲೆಯಲ್ಲಿ ಕೂತುಬಿಡುತ್ತೆ. ನಿಮ್ಮ ಹೊಳೆಯುವ ಚೂರುಗಳು ಮೊದಲ ಸುತ್ತಿನಲ್ಲೇ ತೇಲಾಡಿ ನೀರಿನ ಜೊತೆ ಆಚೆ ಹೋದರೆ, ಅದು ಚಿನ್ನ ಅಲ್ಲ, ಕಾಗೆ ಬಂಗಾರ. ಅಂದರೆ ಅಭ್ರಕ. 1802ರಲ್ಲಿ ಜಾನ್ ವಾರನ್ ಅನ್ನುವ ಬ್ರಿಟಿಷ್ ಅಧಿಕಾರಿ ಈಗಿನ ಕೆಜಿಎಫ್‌ನ ಉರಿಗಾಂ ಕಡೆ ಬಂದಾಗ, ಹಳ್ಳಿಯವರು ಮಣ್ಣನ್ನು ಹೀಗೇ ನೀರಲ್ಲಿ ತೊಳೆದು ಚಿನ್ನ ತೆಗೆದು ತೋರಿಸಿದ್ದರು. ದೊಡ್ಡ ಗಣಿ ಬರುವುದಕ್ಕೆ ಎಷ್ಟೋ ಮುಂಚೆ ನಮ್ಮ ಜನಕ್ಕೆ ಗೊತ್ತಿದ್ದ ವಿದ್ಯೆ ಇದು.

ಇನ್ನೂ ಅನುಮಾನ ಇದ್ದರೆ ಒಂದು ಚೂರನ್ನು ಉಗುರಿನ ಮೇಲೆ ಇಟ್ಟುಕೊಂಡು ಸೂಜಿ ಮೊನೆಯಿಂದ ಒತ್ತಿ. ಕಾಗೆ ಬಂಗಾರ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತೆ. ಚಿನ್ನ ಬಿಡಿಸಿಕೊಳ್ಳುವುದಿಲ್ಲ, ಪುಡಿಯೂ ಆಗುವುದಿಲ್ಲ. ಸೂಜಿ ಒತ್ತಿದ ಕಡೆ ತಗ್ಗು ಬೀಳುತ್ತೆ ಅಷ್ಟೇ. ಆಮೇಲೆ ಬಿಸಿಲಿಂದ ನೆರಳಿಗೆ ಬನ್ನಿ. ಚಿನ್ನ ನೆರಳಲ್ಲೂ ಅದೇ ಹಳದಿ. ಕಾಗೆ ಬಂಗಾರ ಒಂದು ಕೋನಕ್ಕೆ ಫಳಕ್ ಅಂತ ಮಿಂಚಿ, ಕೈ ಸ್ವಲ್ಪ ತಿರುಗಿಸಿದರೆ ಮಂಕಾಗುತ್ತೆ.

ಈ ಅಭ್ರಕ ಮೂಲದಲ್ಲಿ ಕಪ್ಪು. ಮೇಲಿನ ಸಡಿಲ ಪದರದಲ್ಲಿ ಗಾಳಿ, ನೀರು ತಾಗಿ ಮಾಗಿದಾಗ ಚಿನ್ನದ ಬಣ್ಣಕ್ಕೆ ತಿರುಗುತ್ತೆ. ಅದಕ್ಕೇ ಕೊರೆದ ಮೊದಲ ಅಡಿಗಳ ಪುಡಿಯಲ್ಲಿ ಹೊಳಪು ಜಾಸ್ತಿ. ಕೆಳಗಿನ ಗಟ್ಟಿ ಬಂಡೆಯ ಪುಡಿಯಲ್ಲಿ ಅದೇ ಚೂರು ಕಪ್ಪಗಿರುತ್ತೆ. ಬೋರ್ ಲಾರಿಯವರು ಎಲ್ಲವನ್ನೂ ಒಂದೇ ರಾಶಿಗೆ ಸುರಿಯುವುದರಿಂದ ಇದು ಗೊತ್ತಾಗುವುದಿಲ್ಲ. ಒಂದು ವೇಳೆ ಚೂರು ಪದರವಾಗಿಲ್ಲದೆ ಸಣ್ಣ ದಾಳದ ಹಾಗೆ ಚೌಕ ಇದ್ದು, ಹಿತ್ತಾಳೆ ಬಣ್ಣ ಇದ್ದರೆ ಅದು ಪೈರೈಟ್, ಅಂದರೆ ಕಬ್ಬಿಣ, ಗಂಧಕ ಸೇರಿದ ಖನಿಜ. ಸುತ್ತಿಗೆಯಿಂದ ಕುಟ್ಟಿದರೆ ಕಪ್ಪು ಪುಡಿ ಆಗುತ್ತೆ, ಗಂಧಕದ ವಾಸನೆ ಬರುತ್ತೆ. ಚಿನ್ನ ಆಗಿದ್ದರೆ ತಗಡಾಗುತ್ತಿತ್ತು.

ಅಪ್ಪ ಹೇಳುತ್ತಿದ್ದ ಮಾತೊಂದಿದೆ. ಅಷ್ಟು ವರ್ಷ ಗಣಿಯೊಳಗೆ ಓಡಾಡಿದರೂ ಕಣ್ಣಿಗೆ ಕಾಣುವ ಚಿನ್ನ ಅವರು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಅಲ್ಲಿ ಚಿನ್ನ ಇದ್ದದ್ದು ನೀಲಿ ಮಿಶ್ರಿತ ಬೂದುಬಣ್ಣದ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಆ ಪಟ್ಟಿಗಳಿದ್ದ ಕಪ್ಪು ಬಂಡೆಯ ಸೀಮೆ ಉದ್ದಕ್ಕೆ ಸುಮಾರು 80 ಕಿಲೋಮೀಟರ್ ಇದ್ದರೂ ಅಗಲ ಕೆಲವೇ ಕಿಲೋಮೀಟರ್. ನಿಮ್ಮ ಬೂದು ಪುಡಿ ಹೇಳುತ್ತಿರುವುದು ಗ್ರಾನೈಟ್ ಜಾತಿಯ ಬಂಡೆ ಅಂತ. ಆ ಪುಡಿ ಒಂದಿಷ್ಟನ್ನು ಇಷ್ಟು ಅಡಿಗೆ ಇಂಥದ್ದು ಅಂತ ಬೇರೆ ಬೇರೆ ಕವರಿನಲ್ಲಿ ಇಟ್ಟುಕೊಂಡಿದ್ದರೆ ಮುಂದಿನ ಬೋರ್‌ಗೆ ಜಾಗ ನೋಡುವಾಗ ಕೆಲಸಕ್ಕೆ ಬರುತ್ತಿತ್ತು. ಸಡಿಲ ಪದರ ಎಲ್ಲಿ ಮುಗಿದು ಗಟ್ಟಿ ಬಂಡೆ ಶುರುವಾಯಿತು ಅನ್ನುವುದು ಅದರಲ್ಲೇ ಇರುತ್ತೆ.

ಪ್ರಶ್ನೆ: ಮಿಸ್, ನಾನು 9ನೇ ಕ್ಲಾಸು. ಪ್ರಾಜೆಕ್ಟ್‌ಗೆ ಕಲ್ಲು ಸಂಗ್ರಹ ಮಾಡಿದ್ದೇನೆ. ನನ್ನ ಹತ್ತಿರ ಬಿಳಿ ಕಲ್ಲೇ ಏಳು ಇವೆ. ಎಲ್ಲಾ ಒಂದೇನಾ, ಬೇರೆ ಬೇರೆನಾ? ಪುಸ್ತಕದಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ ಮೂರಕ್ಕೂ ಬಿಳಿ ಬಣ್ಣ ಅಂತಲೇ ಇದೆ.
— ಒಬ್ಬ ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಪುಟ್ಟಿ, ನಿನ್ನ ಪತ್ರ ಓದಿ ತುಂಬಾ ಖುಷಿ ಆಯಿತು. ಪುಸ್ತಕದಲ್ಲಿ ಮೂರಕ್ಕೂ ಬಿಳಿ ಅಂತ ಇದೆ, ಹಾಗಾದರೆ ಬಣ್ಣದಿಂದ ಹೇಗೆ ಗುರುತಿಸುವುದು ಅನ್ನೋದು ಸರಿಯಾದ ಪ್ರಶ್ನೆ. ಬಣ್ಣದಿಂದ ಆಗುವುದಿಲ್ಲ. ಒಂದು ಹಳೇ ಗಾಜಿನ ಬಾಟಲಿ, ಒಂದು ಸ್ಟೀಲ್ ಚಾಕು, ಅರ್ಧ ನಿಂಬೆಹಣ್ಣು ತಗೊಂಡು ಕೂತುಕೋ. ಚಾಕು ಹಿಡಿಯುವಾಗ ಅಮ್ಮ ಪಕ್ಕದಲ್ಲಿರಲಿ.

ಏಳೂ ಕಲ್ಲನ್ನು ತೊಳೆದು ಒಣಗಿಸು. ಮೊದಲು ಚಾಕುವಿನಿಂದ ಒಂದೊಂದನ್ನೂ ಗೀರು. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಗೀರಿದ ಕೂಡಲೇ ಒಂದು ಗೆರೆ ಕಾಣುತ್ತೆ. ‘ಗೀರು ಬಿತ್ತು, ಮೆತ್ತನೆ ಕಲ್ಲು’ ಅಂತ ಬರೆದುಬಿಡುತ್ತಾರೆ. ಗೆರೆಯ ಮೇಲೆ ಒದ್ದೆ ಬೆರಳು ಆಡಿಸಿ ನೋಡು. ಬೆರಳಿಗೆ ಬೂದುಬಣ್ಣ ಅಂಟಿ ಗೆರೆ ಅಳಿಸಿಹೋದರೆ, ಸವೆದದ್ದು ಕಲ್ಲಲ್ಲ, ಚಾಕು. ಗೆರೆ ಅಲ್ಲೇ ಉಳಿದು ಉಗುರಿಗೆ ಸಿಕ್ಕರೆ ಮಾತ್ರ ಕಲ್ಲಿಗೆ ಗೀರು ಬಿದ್ದ ಹಾಗೆ.

ಚಾಕುವಿಗೆ ಸುಲಭವಾಗಿ ಗೀರು ಬೀಳುವ ಬಿಳಿ ಕಲ್ಲನ್ನು ಬೇರೆ ಇಡು. ಆ ಗೀರಿನ ಪುಡಿಯ ಮೇಲೆ ಎರಡು ಹನಿ ನಿಂಬೆರಸ ಬಿಡು, ಕಣ್ಣು ಹತ್ತಿರ ತಂದು ನೋಡು. ಸಣ್ಣ ಸಣ್ಣ ಗುಳ್ಳೆ ಎದ್ದರೆ ಕ್ಯಾಲ್ಸೈಟ್ ಇದೆ. ನಿಮ್ಮ ಕಡೆ ಹೊಲದ ಮಣ್ಣಲ್ಲಿ ಸಿಗುವ ಉಂಡೆ ಉಂಡೆ ಸುಣ್ಣದ ಕಲ್ಲೂ ಹೀಗೇ ಗುಳ್ಳೆ ಬಿಡುತ್ತೆ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಮುಟ್ಟಲೇಬೇಡ. ನಿಂಬೆಹಣ್ಣು ಸಾಕು.

ಚಾಕುವಿಗೆ ಬಗ್ಗದ ಕಲ್ಲುಗಳು ಉಳಿದವು. ಅವುಗಳಿಂದ ಬಾಟಲಿ ಗೀರು. ಬೆಣಚುಕಲ್ಲು, ಅಂದರೆ ನಿನ್ನ ಪುಸ್ತಕದ ಕ್ವಾರ್ಟ್ಜ್, ಗಾಜಿನ ಮೇಲೆ ಕರ್ ಅಂತ ಆಳವಾದ ಗೆರೆ ಎಳೆಯುತ್ತೆ. ಫೆಲ್ಡ್‌ಸ್ಪಾರ್ ಕೂಡ ಗೀರುತ್ತೆ, ಆದರೆ ಸ್ವಲ್ಪ ಕಷ್ಟಪಟ್ಟು. 1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನುವವರು ಮಾಡಿದ ಗಟ್ಟಿತನದ ಪಟ್ಟಿ ನಿನ್ನ ಪುಸ್ತಕದಲ್ಲಿ ಇರಬಹುದು. ಅದರಲ್ಲಿ ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚುಕಲ್ಲು 7. ಗಾಜು ಐದೂವರೆ ಹತ್ತಿರ. ಉಗುರು ಎರಡೂವರೆ.

ಬೆಣಚು, ಫೆಲ್ಡ್‌ಸ್ಪಾರ್ ಎರಡನ್ನೂ ಬೇರೆ ಮಾಡುವುದಕ್ಕೆ ಒಡೆದ ಮೈ ನೋಡಬೇಕು. ಒಡೆದ ಬೆಣಚುಕಲ್ಲು ಒಡೆದ ಸೋಡಾ ಬಾಟಲಿಯ ಹಾಗೆ. ಬಾಗಿದ, ನುಣುಪಾದ ತಗ್ಗುಗಳು, ಚಪ್ಪಟೆ ಜಾಗ ಎಲ್ಲೂ ಇಲ್ಲ. ಫೆಲ್ಡ್‌ಸ್ಪಾರ್ ಹಾಗಲ್ಲ. ಮೆಟ್ಟಿಲ ಹಾಗೆ ಚಪ್ಪಟೆಯಾಗಿ ಒಡೆಯುತ್ತೆ. ಬಿಸಿಲಲ್ಲಿ ಹಿಡಿದು ಮೆಲ್ಲಗೆ ತಿರುಗಿಸು. ಒಂದು ಕೋನದಲ್ಲಿ ಆ ಮೆಟ್ಟಿಲೆಲ್ಲಾ ಒಟ್ಟಿಗೆ ಮಿಂಚುತ್ತೆ, ದೂರದ ಮನೆಯ ಕಿಟಕಿ ಗಾಜು ಸಂಜೆ ಬಿಸಿಲಿಗೆ ಮಿಂಚುವ ಹಾಗೆ. ಇದನ್ನು ಒಂದು ಸಲ ನೋಡಿದರೆ ಜನ್ಮಪೂರ್ತಿ ಮರೆಯುವುದಿಲ್ಲ.

ಮನೆಯಲ್ಲಿ ಅಜ್ಜಿಯ ಕಾಲದ ರಾಗಿ ಬೀಸುವ ಕಲ್ಲು ಇದ್ದರೆ ಅದರ ಅಂಚನ್ನು ನೀರಲ್ಲಿ ಒರೆಸಿ ನೋಡು. ನಮ್ಮ ಮನೆಯ ಬೀಸುಕಲ್ಲು ಈಗ ನನ್ನ ಪಕ್ಕದಲ್ಲೇ ಇದೆ. ಒದ್ದೆ ಮಾಡಿದಾಗ ಮೂರು ತರದ ಕಾಳು ಕಾಣುತ್ತಿವೆ. ಗಾಜಿನಂಥ, ಮಸುಕು ಬೂದುಬಣ್ಣದ್ದು ಬೆಣಚು. ಹಾಲಿನ ಬಿಳಿ, ಅಲ್ಲಲ್ಲಿ ತಿಳಿ ಗುಲಾಬಿ, ಚಪ್ಪಟೆಯಾಗಿ ಮಿಂಚುವುದು ಫೆಲ್ಡ್‌ಸ್ಪಾರ್. ಮಧ್ಯೆ ಕರಿ ಎಳ್ಳು ಚೆಲ್ಲಿದ ಹಾಗಿರುವುದು ಕಪ್ಪು ಅಭ್ರಕ. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅದೇ ಗ್ರಾನೈಟ್. ಮಧುಗಿರಿ ಬೆಟ್ಟದ ಕಡೆ ಹೋದಾಗಲೂ ನೋಡು. ಆ ಸಾಲಿನ ಬಂಡೆಗಳಲ್ಲಿ ಗುಲಾಬಿ ಫೆಲ್ಡ್‌ಸ್ಪಾರ್ ಹೆಬ್ಬೆರಳಿನಷ್ಟು ದಪ್ಪ ಇರುತ್ತೆ, ಭೂತಗನ್ನಡಿ ಕೂಡ ಬೇಡ. ಅವಕ್ಕೆ ಸುಮಾರು 250 ಕೋಟಿ ವರ್ಷ ವಯಸ್ಸು.

ಇನ್ನೊಂದು. ರಾತ್ರಿ ದೀಪ ಆರಿಸಿ ಎರಡು ಬೆಣಚುಕಲ್ಲನ್ನು ಗಟ್ಟಿಯಾಗಿ ಉಜ್ಜು. ಕಲ್ಲಿನ ಒಳಗೇ ಕಿತ್ತಳೆ ಬೆಳಕು ಮಿನುಗುತ್ತೆ. ನಾವು ಚಿಕ್ಕವರಿದ್ದಾಗ ಕರೆಂಟು ಹೋದರೆ ಇದೇ ಆಟ. ನಿನ್ನ ಏಳು ಕಲ್ಲಲ್ಲಿ ಎಷ್ಟು ಬೆಣಚು ಅಂತ ನನಗೆ ಬರಿ. ಐದಾದರೂ ಇರುತ್ತವೆ ಅಂತ ನನ್ನ ಲೆಕ್ಕ, ಯಾಕೆ ಅಂದರೆ ಬಂಡೆ ಕರಗಿ ಮಣ್ಣಾದರೂ ಬೆಣಚು ಕರಗದೆ ಉಳಿಯುತ್ತೆ.

ಪ್ರಶ್ನೆ: ನಮ್ಮ ತೆಂಗಿನ ತೋಟದಲ್ಲಿ ಗುಂಡಿ ತೋಡುವಾಗ ಎರಡು ತರದ ಕಪ್ಪು ಕಲ್ಲು ಸಿಕ್ಕಿವೆ. ಒಂದು ಮುಟ್ಟಿದರೆ ಕೈಗೆ ಮಸಿ ಹತ್ತುತ್ತೆ. ಇನ್ನೊಂದು ಹೊಳಪು, ಮಸಿ ಇಲ್ಲ. ಎರಡೂ ಕಬ್ಬಿಣದ ಅದಿರು ಅಂತ ನಮ್ಮ ಯಜಮಾನರು ಹೇಳುತ್ತಾರೆ. ಹೌದಾ?
— ಒಬ್ಬ ಗೃಹಿಣಿ, ಚಿಕ್ಕನಾಯಕನಹಳ್ಳಿ

ಉತ್ತರ: ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಗೆರೆ ನೋಡುತ್ತಾರಲ್ವಾ? ಕಲ್ಲಿಗೂ ಒರೆ ಇದೆ. ಮನೆಯಲ್ಲಿ ಉಳಿದಿರುವ ಟೈಲ್ಸ್ ತುಂಡಿನ ಹಿಂಬದಿ, ಹೊಳಪಿಲ್ಲದ ಒರಟು ಬಿಳಿ ಭಾಗ, ಅದೇ ನಿಮ್ಮ ಒರೆಗಲ್ಲು. ಎರಡೂ ಕಲ್ಲನ್ನು ಅದರ ಮೇಲೆ ತಿಕ್ಕಿ. ಕಲ್ಲಿನ ಮೈಬಣ್ಣ ಬಿಡಿ, ಬಿದ್ದ ಗೆರೆಯ ಬಣ್ಣ ನೋಡಿ.

ಹೊಳಪಿನ ಕಪ್ಪು ಕಲ್ಲು ಗೋಡೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣದ ಗೆರೆ ಎಳೆದರೆ ಅದು ಹೆಮಟೈಟ್, ಕಬ್ಬಿಣದ ಅದಿರು. ಕಪ್ಪು ಕಲ್ಲಿನಿಂದ ಕೆಂಪು ಗೆರೆ ಬಂದಾಗ ನಮ್ಮ ಕ್ಲಾಸಿನ ಮಕ್ಕಳು ಪ್ರತಿ ವರ್ಷ ‘ಓ’ ಅನ್ನುತ್ತಿದ್ದರು. ಗೆರೆಯೂ ಕಪ್ಪಗೆ ಬಂದು, ಹಳೇ ಸ್ಪೀಕರಿನ ಆಯಸ್ಕಾಂತ ಟಕ್ ಅಂತ ಅಂಟಿಕೊಂಡರೆ ಮ್ಯಾಗ್ನಟೈಟ್. ಅದೂ ಕಬ್ಬಿಣದ್ದೇ.

ಕೈಗೆ ಮಸಿ ಹತ್ತುವ ಕಲ್ಲು ಬಹುಶಃ ಮ್ಯಾಂಗನೀಸ್ ಅದಿರು. ನಿಮ್ಮ ತಾಲ್ಲೂಕಿನ ಬೆಟ್ಟದ ಸಾಲಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ. ಆಯಸ್ಕಾಂತ ಅಂಟುವುದಿಲ್ಲ, ಗೆರೆ ಮಸಿಯ ಹಾಗೆ ಕಪ್ಪು. ಹಳೇ ಟಾರ್ಚ್ ಸೆಲ್ ಒಡೆದಾಗ ಒಳಗಿನ ಕಪ್ಪು ಪುಡಿ ನೋಡಿದ್ದೀರಾ? ಅದರಲ್ಲಿ ಇರುವುದೂ ಮ್ಯಾಂಗನೀಸೇ. ನಿಮ್ಮ ಯಜಮಾನರ ಮಾತು ಅರ್ಧ ಸರಿ. ಆ ಕಲ್ಲನ್ನು ಕುಟ್ಟಿ ಪುಡಿ ಮಾಡಬೇಡಿ, ಅದರ ದೂಳು ಒಳಗೆ ಹೋಗುವುದು ಒಳ್ಳೆಯದಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಪ್ರಶ್ನೆ: ಹೊಸ ಮನೆ ಅಡುಗೆ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಬೇಕು. ಮಾರ್ಬಲ್ ಚೆನ್ನಾಗಿ ಕಾಣುತ್ತೆ ಅಂತ ಮಗಳ ಆಸೆ. ಕಪ್ಪು ಕಲ್ಲಿನಲ್ಲೂ ಬಣ್ಣ ಹಾಕಿ ಮಾರುತ್ತಾರೆ ಅಂತ ಕೇಳಿದ್ದೇನೆ. ಹೇಗೆ ಗುರುತಿಸುವುದು?
— ಒಬ್ಬ ನಿವೃತ್ತ ನೌಕರರು, ಮಾಲೂರು

ಉತ್ತರ: ಮಾರ್ಬಲ್ ಅಡುಗೆಮನೆಗೆ ಬೇಡ. ಅದು ಕ್ಯಾಲ್ಸೈಟ್, ಮೇಲೆ ಆ ಹುಡುಗಿಗೆ ಹೇಳಿದ ನಿಂಬೆಹಣ್ಣಿನ ಕಥೆಯೇ. ನಮ್ಮ ಅಡುಗೆಯಲ್ಲಿ ಹುಣಸೆಹಣ್ಣು, ನಿಂಬೆ, ಮೊಸರು ಇಲ್ಲದ ದಿನ ಯಾವುದು? ಚೆಲ್ಲಿದ ಕಡೆಯೆಲ್ಲಾ ಹೊಳಪು ತಿಂದು ಮಂಕು ಕಲೆ ಬೀಳುತ್ತೆ. ಮಗಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಎರಡೂ ಕಲ್ಲಿನ ಚಿಕ್ಕ ತುಂಡು ಕೇಳಿ ಮನೆಗೆ ತನ್ನಿ. ನಿಂಬೆರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಆಮೇಲೆ ಅವಳೇ ತೀರ್ಮಾನ ಮಾಡಲಿ.

ಅಂಗಡಿಯವರು ಕಪ್ಪು ಗ್ರಾನೈಟ್ ಅನ್ನುವುದು ಹೆಚ್ಚಾಗಿ ಡಾಲರೈಟ್ ಅನ್ನುವ ಬೇರೆ ಕಲ್ಲು. ಗ್ರಾನೈಟ್ ಬಂಡೆಯ ಬಿರುಕಿನೊಳಗೆ ಕೆಳಗಿಂದ ಕರಗಿದ ಕಲ್ಲಿನ ದ್ರವ ನುಗ್ಗಿ, ಗೋಡೆಯ ಹಾಗೆ ಗಟ್ಟಿಯಾದದ್ದು. ಅದರಲ್ಲಿ ಬೆಣಚಿನ ಕಾಳು ಕಣ್ಣಿಗೆ ಕಾಣುವುದಿಲ್ಲ. ಹೆಸರು ಏನೇ ಇರಲಿ, ಅಡುಗೆ ಕಟ್ಟೆಗೆ ಗಟ್ಟಿ ಕಲ್ಲು. ಬಣ್ಣ ಹಾಕಿದ್ದಾರಾ ಅಂತ ನೋಡಲು ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಬಿಳಿ ಬಟ್ಟೆಗೆ ಹಾಕಿ ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಆ ಕಲ್ಲು ಬೇಡ.

ನಿಮ್ಮ ಪಕ್ಕದಲ್ಲೇ ಶಿವಾರಪಟ್ಟಣ ಇದೆ. ದೇವರ ವಿಗ್ರಹ ಕೆತ್ತುವವರ ಊರು. ಒಂದು ಬೆಳಗ್ಗೆ ಹೋಗಿ, ಸುಮ್ನೆ ನೋಡಿಕೊಂಡು ಬನ್ನಿ. ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಒಬ್ಬ ಹಿರಿಯ ಶಿಲ್ಪಿ ಎರಡು ಕಲ್ಲನ್ನು ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಕೇಳಿಸಿದರು. ಒಂದು ಗಂಟೆಯ ಹಾಗೆ ನುಡಿಯಿತು. ಇನ್ನೊಂದು ದಬ್ ಅಂತು. ಎರಡನೆಯದರ ಒಳಗೆ ಕಣ್ಣಿಗೆ ಕಾಣದ ಬಿರುಕು ಇತ್ತು. ಆಮೇಲೆ ಒಂದು ಬಳಪದ ಕಲ್ಲು ಕೊಟ್ಟು ಉಗುರಿಂದ ಗೀರಿ ಅಂದರು. ಸೋಪಿನ ಹಾಗೆ ಜಾರುತ್ತಿತ್ತು, ಬರೀ ಉಗುರಿಂದಲೇ ಕಲ್ಲಿಗೆ ಗೀರು ಬಿತ್ತು. ಬೇಲೂರು, ಹಳೇಬೀಡಿನ ಕುಸುರಿ ಕೆಲಸ ಆದದ್ದೂ ಈ ಜಾತಿಯ ಮೆತ್ತನೆ ಕಲ್ಲಿನಲ್ಲೇ. ನಮ್ಮ ಗ್ರಾನೈಟ್‌ನಲ್ಲಿ ಆ ಕೆತ್ತನೆ ಮಾಡಹೋದರೆ ಬೆಣಚಿನ ಕಾಳಿಗೆ ಉಳಿಯ ಮೊನೆಯೇ ಮುರಿಯುತ್ತೆ.

ಪ್ರಶ್ನೆ: ಟೀಚರ್, ನಮಗೆ ಕೆಜಿಎಫ್ ಸೈನೈಡ್ ಗುಡ್ಡದಿಂದ ಕಲ್ಲು ತರಬೇಕು ಅಂತ ಆಸೆ. ಹೋಗಬಹುದಾ?
— ಮೂವರು ಗೆಳೆಯರು, ಬಂಗಾರಪೇಟೆ

ಉತ್ತರ: ಬೇಡಪ್ಪ. ಅದು ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಅದರಲ್ಲಿ ನೋಡುವಂಥ ಕಲ್ಲೇ ಇಲ್ಲ, ದೂಳು ಮಾತ್ರ ಇದೆ, ಆ ದೂಳು ಒಳ್ಳೆಯದಲ್ಲ. 2001ರಲ್ಲಿ ಮುಚ್ಚಿದ ಗಣಿಯ ಹಳೇ ಬಾವಿಗಳ ಹತ್ತಿರವಂತೂ ಸುಳಿಯಲೇಬೇಡಿ. ದೊಡ್ಡವರ ಜೊತೆ ಪೆದ್ದಪಲ್ಲಿ ಕಡೆ ಹೋಗಿ. ಅಲ್ಲಿ ದಿಂಬು ದಿಂಬಾಗಿ ಗಟ್ಟಿಯಾದ ಲಾವಾ ಬಂಡೆ ಇದೆ, ಲಾವಾ ನೀರಿನೊಳಗೆ ಹರಿದರೆ ಆ ಆಕಾರ ಬರುತ್ತೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೋಡಿ, ಚಿತ್ರ ಬರೆದುಕೊಳ್ಳಿ. ಒಂದು ಚೂರೂ ಒಡೆಯಬೇಡಿ.

ಪ್ರಶ್ನೆ: ಹೊಲ ಉಳುವಾಗ ಕಪ್ಪು, ಭಾರದ ಕಲ್ಲು ಸಿಕ್ಕಿದೆ. ಮೈಮೇಲೆ ಕರಗಿ ಹರಿದ ಗುರುತು, ಒಳಗೆ ತೂತು ತೂತು. ಫೋನಿನ ಆಪ್ ಉಲ್ಕಾಶಿಲೆ ಅನ್ನುತ್ತಿದೆ. ಬೆಲೆ ಬರುತ್ತಾ?
— ಒಬ್ಬ ಯುವಕ, ಮಧುಗಿರಿ ತಾಲ್ಲೂಕು

ಉತ್ತರ: ತೂತು ಇದೆ ಅಂತ ನೀವೇ ಬರೆದಿದ್ದೀರಿ, ಅದೇ ಉತ್ತರ. ಉಲ್ಕಾಶಿಲೆಯ ಮೈಮೇಲೆ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ತಗ್ಗು ಇರಬಹುದು, ಒಳಗೆ ಗುಳ್ಳೆಯ ತೂತು ಇರುವುದು ತೀರಾ ಅಪರೂಪ. ಒಡೆದ ಕಡೆ ಗಾಜಿನ ಹಾಗೆ ಹೊಳೆಯುತ್ತಿದೆಯಾ ನೋಡಿ. ಹೌದಾದರೆ ಅದು ಕಿಟ್ಟ, ಕಬ್ಬಿಣ ಕರಗಿಸಿದಾಗ ಉಳಿಯುವ ಕಸ.

ಆದರೆ ಎಸೆಯಬೇಡಿ, ದಯವಿಟ್ಟು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಬ್ರಿಟಿಷ್ ವೈದ್ಯರು ಮೈಸೂರು ಸೀಮೆಯಲ್ಲಿ ಓಡಾಡಿದಾಗ ನಿಮ್ಮ ಮಧುಗಿರಿ ಕಡೆಯ ಕಬ್ಬಿಣದ ಕುಲುಮೆಗಳ ಬಗ್ಗೆ ಬರೆದಿಟ್ಟಿದ್ದಾರೆ. ಮಳೆ ನೀರು ಹಳ್ಳಕ್ಕೆ ತಂದ ಕಪ್ಪು ಮರಳನ್ನು ತೊಳೆದು, ಇದ್ದಿಲ ಜೊತೆ ಮಣ್ಣಿನ ಕುಲುಮೆಗೆ ಹಾಕಿ, ತಿದಿ ಒತ್ತಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಪ್ಪು ಮರಳು ಮೇಲೆ ಹೇಳಿದ ಮ್ಯಾಗ್ನಟೈಟ್‌ನದೇ. ಜೋರು ಮಳೆ ಬಂದ ಮರುದಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನಿಮ್ಮ ಹೊಲದ ಪಕ್ಕದ ಹಳ್ಳದ ಮರಳಲ್ಲಿ ಆಡಿಸಿ. ಮೀಸೆ ಬೆಳೆದ ಹಾಗೆ ಕಪ್ಪು ಕಾಳು ಅಂಟಿಕೊಳ್ಳುತ್ತೆ.

ಕಿಟ್ಟ ಸಿಕ್ಕ ಜಾಗದ ಸುತ್ತ ಹತ್ತು ಹೆಜ್ಜೆ ನಡೆದು ನೋಡಿ. ಸುಟ್ಟು ಕೆಂಪಾದ ಜೇಡಿಮಣ್ಣಿನ ತುಂಡು, ಅದರಲ್ಲೂ ನಡುವೆ ತೂತಿರುವ ಕೊಳವೆಯಂಥ ತುಂಡು ಸಿಕ್ಕರೆ, ಅದು ತಿದಿಯ ಗಾಳಿ ಕುಲುಮೆಯೊಳಗೆ ಹೋಗುತ್ತಿದ್ದ ಬಾಯಿ. ತೆಗೆಯಬೇಡಿ, ಇದ್ದ ಜಾಗದಲ್ಲೇ ಬಿಟ್ಟು ಆ ಬದಿಗೆ ನೇಗಿಲು ಹೂಡುವುದನ್ನು ಸ್ವಲ್ಪ ದಿನ ನಿಲ್ಲಿಸಿ. ನನಗೆ ಬರೆಯಿರಿ, ನಾನೇ ಬಂದು ನೋಡುತ್ತೇನೆ.